ಚುಕ್ಕೆಯೋ, ಕಲೆಯೋ

1951ರ ಮೇ 10. ವೇಲ್ಸ್‌ನ ದಕ್ಷಿಣ ಕರಾವಳಿಯಲ್ಲಿರುವ ಬ್ಯಾರಿ ಎಂಬ ಬಂದರು ಊರು. ಅಲ್ಲಿ ವಾಸವಾಗಿದ್ದ 45 ವರ್ಷದ ಗ್ರೇಸ್ ವಿಲಿಯಮ್ಸ್ ಅವತ್ತು ತಮ್ಮ ಸಂಗೀತದ ಹಸ್ತಪ್ರತಿಗಳನ್ನೆಲ್ಲ ತೆಗೆದು ನೋಡಿದರು. ನುಡಿಸಲು ಯೋಗ್ಯವಲ್ಲ ಅನ್ನಿಸಿದ್ದನ್ನು ಹೆಚ್ಚುಕಡಿಮೆ ಪೂರ್ತಿ ನಾಶಮಾಡಿದರು. ದಿನಚರಿಯಲ್ಲಿ ಆ ದಿನಕ್ಕೆ ಅವರೇ ಇಟ್ಟ ಹೆಸರು ‘ನಾಶದ ದಿನ’.

ಇದನ್ನು ಮೊದಲ ಸಲ ಓದಿದಾಗ ನನ್ನ ಕರುಳು ಚುರುಕ್ಕೆಂದಿತು. ನಮ್ಮ ಕರ್ನಾಟಕ ಸಂಗೀತದಲ್ಲಾದರೆ ಪುಸ್ತಕ ಕಳೆದರೂ ಕೃತಿ ಯಾರಾದರೊಬ್ಬ ಶಿಷ್ಯರ ಗಂಟಲಲ್ಲಿ ಉಳಿದಿರುತ್ತದೆ. ಸ್ವಲ್ಪ ಬದಲಾಗಿರಬಹುದು, ಆದರೆ ಇರುತ್ತದೆ. ಪಾಶ್ಚಾತ್ಯ ವಾದ್ಯವೃಂದದ ಕತೆ ಬೇರೆ. ಅಲ್ಲಿನ ‘ಸ್ಕೋರ್’ ಹಾಳೆಯಲ್ಲಿ ಕೊಳಲಿಗೊಂದು ಸಾಲು, ತುತ್ತೂರಿಗೊಂದು ಸಾಲು, ಪಿಟೀಲಿಗೆ ಎರಡು ಸಾಲು, ಹೀಗೆ ಮೇಲಿಂದ ಕೆಳಕ್ಕೆ ಇಪ್ಪತ್ತೋ ಇಪ್ಪತ್ತೈದೋ ಸಾಲುಗಳು ಜೊತೆಯಾಗಿ ಓಡುತ್ತವೆ. ಒಂದರ ಕೆಳಗೊಂದು ನೇರಕ್ಕೆ ಬಂದ ಸ್ವರಗಳೆಲ್ಲ ಒಂದೇ ಕ್ಷಣದಲ್ಲಿ ನುಡಿಯಬೇಕು. ಅಷ್ಟನ್ನೂ ಒಬ್ಬರ ಗಂಟಲು ಹೊರಲಾರದು. ಅಚ್ಚಾಗದ, ಯಾರೂ ನುಡಿಸದ ಸ್ಕೋರ್ ಹರಿದುಹೋದರೆ ಸಂಗೀತವೇ ಹೋಯಿತು.

ಗ್ರೇಸ್ ವಿಲಿಯಮ್ಸ್ (1906–1977) ಇಪ್ಪತ್ತನೇ ಶತಮಾನದ ವೇಲ್ಸ್ ಕಂಡ ದೊಡ್ಡ ಸಂಯೋಜಕರಲ್ಲಿ ಒಬ್ಬರು. ಹುಟ್ಟಿದ್ದು ಬ್ಯಾರಿಯಲ್ಲೇ. ತಂದೆ ಶಾಲಾ ಮೇಷ್ಟ್ರು, ಜೊತೆಗೆ ಹುಡುಗರ ಗಾಯನವೃಂದವೊಂದನ್ನು ನಡೆಸುತ್ತಿದ್ದವರು. ಮಗಳು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಸಂಯೋಜಕ ರೇಫ್ ವಾನ್ ವಿಲಿಯಮ್ಸ್ ಬಳಿ, ಆಮೇಲೆ ವಿಯೆನ್ನಾದಲ್ಲಿ ಸಂಯೋಜಕ ಎಗಾನ್ ವೆಲ್ಲೆಸ್ ಬಳಿ ಕಲಿತರು. 1940ರಲ್ಲಿ ವೇಲ್ಸ್‌ನ ಶಿಶುಗೀತೆಗಳ ಮೇಲೆ ಕಟ್ಟಿದ ‘ಫ್ಯಾಂಟೇಸಿಯಾ’ ಅವರಿಗೆ ಹೆಸರು ತಂದಿತು. 1944ರ ‘ಸೀ ಸ್ಕೆಚಸ್’ ಬರೀ ತಂತಿವಾದ್ಯಗಳಿಗೆ ಬರೆದದ್ದು. ಅದರಲ್ಲಿ ಐದು ಭಾಗ: ಬಿರುಗಾಳಿ, ಹಾಯಿದೋಣಿಯ ಹಾಡು, ಮಂಜಿನಲ್ಲಿ ಕೂಗುವ ಹಡಗಿನ ಸೈರನ್ನು, ಅಪ್ಪಳಿಸುವ ಅಲೆ, ಬೇಸಿಗೆಯ ಶಾಂತ ಕಡಲು. ಬ್ಯಾರಿ ಇರುವ ಗ್ಲಾಮೋರ್ಗನ್ ಕರಾವಳಿಯಲ್ಲಿ ಮನೆ ಮಾಡುವ ಬುದ್ಧಿ ತೋರಿಸಿದ ಅಪ್ಪ ಅಮ್ಮನಿಗೆ ಅದನ್ನು ಅರ್ಪಿಸಿದ್ದಾರೆ. ‘ನಾಶದ ದಿನ’ದ ನಂತರವೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಅವರ ಪ್ರಸಿದ್ಧ ‘ಪೆನಿಲಿಯನ್’ 1955ರದ್ದು, ‘ಮಿಸ್ಸಾ ಕ್ಯಾಂಬ್ರೆನ್ಸಿಸ್’ 1971ರದ್ದು.

ಉಳಿದ ಹಸ್ತಪ್ರತಿಗಳು ಈಗ ಅಬರಿಸ್ಟ್‌ವಿತ್ ಊರಿನ ಗುಡ್ಡದ ಮೇಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಗ್ರೇಸ್ ಅವರ ಜರಡಿ ಒಂದೇ ದಿನದಲ್ಲಿ ಮುಗಿಯಿತು. ಇನ್ನೊಂದು ಜರಡಿ ಮಾತ್ರ ಕಾಗದದೊಳಗೇ ಕೂತು ನಿಧಾನವಾಗಿ ಆಡುತ್ತಲೇ ಇರುತ್ತದೆ. ಅದಕ್ಕೆ ಒಳ್ಳೆಯ ಸಂಗೀತ, ಕೆಟ್ಟ ಸಂಗೀತ ಎಂಬ ಭೇದವಿಲ್ಲ.

ಕಾಗದ ಎಂದರೆ ಸೆಲ್ಯುಲೋಸ್ ನಾರು. ಸೆಲ್ಯುಲೋಸ್ ಎಂದರೆ ಸಾವಿರಾರು ಗ್ಲೂಕೋಸ್ ಕೊಂಡಿಗಳ ಉದ್ದನೆಯ ಸರಪಳಿ. ಬಟ್ಟೆ ಚಿಂದಿಯಿಂದ ಮಾಡಿದ ಹಳೆಯ ಕಾಗದ ನಾನೂರು ವರ್ಷವಾದರೂ ಗಟ್ಟಿಯಾಗಿರುವುದುಂಟು. ಹತ್ತೊಂಬತ್ತನೇ ಶತಮಾನದಲ್ಲಿ ಮರದ ತಿರುಳು ಬಂತು, ಅದರ ಜೊತೆ ಕಾಗದವನ್ನು ಹಳದಿಗಟ್ಟಿಸುವ ಲಿಗ್ನಿನ್ ಎಂಬ ಮರದ ಅಂಟು ಬಂತು. ಇಂಕು ಹರಡದಿರಲಿ ಎಂದು ತಿರುಳಿಗೆ ರಾಳವನ್ನೂ ಪಟಿಕವನ್ನೂ ಬೆರೆಸುವ ಪದ್ಧತಿಯೂ ಬಂತು. ತಮಾಷೆ ಎಂದರೆ ಪಿಟೀಲಿನವರು ಕಮಾನಿಗೆ ಉಜ್ಜುವುದೂ ಇದೇ ರಾಳವನ್ನು. ಕಮಾನಿನ ಮೇಲೆ ಅದರಿಂದ ನಾದ ಹುಟ್ಟುತ್ತದೆ. ಕಾಗದದಲ್ಲಿ ಅದರ ಜೊತೆಗಾರ ಪಟಿಕ ಗಾಳಿಯ ತೇವಕ್ಕೆ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲದ ನೆರವಿನಿಂದ ನೀರಿನ ಕಣಗಳು ಸೆಲ್ಯುಲೋಸ್ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತವೆ. ಆಮ್ಲ ಮಾತ್ರ ಖರ್ಚಾಗುವುದಿಲ್ಲ, ಒಂದು ಕೊಂಡಿ ಮುಗಿದರೆ ಮುಂದಿನದಕ್ಕೆ ಹೋಗುತ್ತದೆ. ಮೂಲೆ ಮಡಿಸಿದರೆ ಹಪ್ಪಳದ ಹಾಗೆ ಮುರಿದು ಕೈಗೆ ಬರುವ ಹಳೆಯ ಪುಸ್ತಕಗಳು ನಮ್ಮ ಮನೆಗಳಲ್ಲೂ ಇವೆಯಲ್ಲ, ಅಲ್ಲಿ ನಡೆದಿರುವುದು ಇದೇ.

ಸ್ವರ ಬರೆಯುವ ಹಾಳೆ ಸಾಮಾನ್ಯವಾಗಿ ದಿನಪತ್ರಿಕೆಯ ಕಾಗದದಷ್ಟು ಕಳಪೆಯಲ್ಲ, ರಬ್ಬರು ಬ್ಲೇಡುಗಳ ಏಟು ತಡೆಯಬೇಕಲ್ಲ. ಆದರೆ ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ಕಾಗದಕ್ಕೂ ರೇಷನ್ ಇತ್ತು. ಹುಲ್ಲು, ರದ್ದಿ, ಸಿಕ್ಕಿದ್ದನ್ನೆಲ್ಲ ತಿರುಳಿಗೆ ಸೇರಿಸುತ್ತಿದ್ದರು. ಆ ವರ್ಷಗಳ ಸ್ಕೋರುಗಳನ್ನು ಮುಟ್ಟುವಾಗ ಗ್ರಂಥಪಾಲಕರು ತುಸು ಉಸಿರು ಬಿಗಿಹಿಡಿಯುತ್ತಾರೆ.

ಇನ್ನು ಬರೆದದ್ದರ ವಿಷಯ. ಸಂಯೋಜಕರ ಮೇಜಿನ ಮೇಲಿನ ಅತ್ಯಂತ ಅಗ್ಗದ ವಸ್ತು ಪೆನ್ಸಿಲ್. ರಸಾಯನದ ಲೆಕ್ಕದಲ್ಲಿ ಅದೇ ಚಿರಂಜೀವಿ. ಗ್ರಾಫೈಟ್ ಎಂದರೆ ಇಂಗಾಲ. ಬೆಳಕಿಗೆ ಮಾಸದು, ನೀರಿಗೆ ಕರಗದು, ಆಮ್ಲಕ್ಕೆ ಜಗ್ಗದು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ದೀಪದ ಮಸಿ ತಿಕ್ಕುತ್ತಿದ್ದ ನಮ್ಮ ಲಿಪಿಕಾರರು ನೆಚ್ಚಿಕೊಂಡದ್ದೂ ಇಂಗಾಲವನ್ನೇ. ಪೆನ್ಸಿಲಿಗಿರುವ ಶತ್ರು ರಬ್ಬರು ಮಾತ್ರ. ಫೌಂಟನ್ ಪೆನ್ನಿನ ಬಣ್ಣದ ಇಂಕು ಇದಕ್ಕೆ ತದ್ವಿರುದ್ಧ: ನೋಡಲು ದಿಟ್ಟ, ಆದರೆ ಬಿಸಿಲು ಬಿದ್ದರೆ ಪೇಲವ, ನೀರು ಬಿದ್ದರೆ ನದಿ. ‘ಬ್ಲೂ ಬ್ಲ್ಯಾಕ್’ ಇಂಕುಗಳಲ್ಲಿ ಹಳೆಯ ಕಾಲದ ಅನ್ನಭೇದಿ (ಕಬ್ಬಿಣದ ಒಂದು ಲವಣ) ಮತ್ತು ಮಾಚಿಕಾಯಿಯ ಪಾಕ ಇರುತ್ತಿತ್ತು. ನಮ್ಮಲ್ಲಿ ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಾಡುತ್ತಿದ್ದ ಮಸಿಯೂ ಇದೇ ಜಾತಿಯದು. ಬರೆದಾಗ ತಿಳಿಯಾಗಿದ್ದು ಗಾಳಿ ತಾಗಿ ಕಪ್ಪಾಗುತ್ತದೆ. ಅದರ ಆಮ್ಲ ಹೆಚ್ಚಾದರೆ ಕಾಲಾಂತರದಲ್ಲಿ ಕಾಗದವನ್ನೇ ತಿನ್ನುತ್ತದೆ.

ಈ ಮೂರರ ಸ್ವಭಾವ ಬೇರೆಬೇರೆ ಆಗಿರುವುದೇ ಸಂಶೋಧಕರಿಗೆ ವರವಾಗಿದೆ. ಸಂಯೋಜಕರು ಸಾಧಾರಣವಾಗಿ ಮೊದಲು ಪೆನ್ಸಿಲಿನಲ್ಲಿ ಹೊಳೆದದ್ದನ್ನು ಗೀಚಿ, ಖಚಿತವಾದ ಮೇಲೆ ಇಂಕಿನಲ್ಲಿ ತಿದ್ದುತ್ತಾರೆ. ಬೇಡವಾದ ಸಾಲನ್ನು ಇಂಕಿನಿಂದಲೇ ಅಡ್ಡಾದಿಡ್ಡಿ ಹೊಡೆದುಹಾಕುತ್ತಾರೆ. ಬರಿಗಣ್ಣಿಗೆ ಅಲ್ಲಿ ಕಾಣುವುದು ಕಪ್ಪು ಗೋಜಲು. ಅದೇ ಹಾಳೆಯನ್ನು ಅವಕೆಂಪು ಬೆಳಕಿಗೆ ಸ್ಪಂದಿಸುವ ಕ್ಯಾಮೆರಾದಿಂದ ನೋಡಿದರೆ ಬಣ್ಣದ ಇಂಕು ಗಾಜಿನಂತೆ ಪಾರದರ್ಶಕವಾಗಿಬಿಡುತ್ತದೆ. ಅನ್ನಭೇದಿಯ ಇಂಕೂ ಅಲೆಯ ಉದ್ದ ಸಾವಿರ ನ್ಯಾನೋಮೀಟರ್ ಆಸುಪಾಸಿಗೆ ಬರುವಾಗ ಮಾಸಿಹೋಗುತ್ತದೆ. ಇಂಗಾಲ ಮಾತ್ರ ಅವಕೆಂಪನ್ನೂ ನುಂಗಿಕೊಂಡು ಕಪ್ಪಾಗಿಯೇ ಉಳಿಯುತ್ತದೆ. ಹೊಡೆದುಹಾಕಿದ ಇಂಕಿನ ಅಡಿಯಿಂದ ಮೊದಲ ಯೋಚನೆಯ ಪೆನ್ಸಿಲ್ ಸ್ವರಗಳು ಎದ್ದುಬರುತ್ತವೆ. ರಬ್ಬರಿನಲ್ಲಿ ಅಳಿಸಿದ್ದಾದರೆ ದೀಪವನ್ನು ಹಾಳೆಯ ಪಕ್ಕಕ್ಕೆ, ಮೇಜಿನ ಮಟ್ಟಕ್ಕೆ ತಂದು ಹಿಡಿಯುತ್ತಾರೆ. ಸಂಜೆಯ ಓರೆ ಬಿಸಿಲಿನಲ್ಲಿ ಹೊಲದ ಉಳುಮೆ ಗೆರೆ ಕಾಣುವಂತೆ, ಪೆನ್ಸಿಲಿನ ಮೊನೆ ಒತ್ತಿ ಬಿದ್ದ ತಗ್ಗುಗಳು ನೆರಳಾಗಿ ಕಾಣುತ್ತವೆ.

ಇಪ್ಪತ್ತನೇ ಶತಮಾನದ ನಡುಭಾಗದ ಸ್ಕೋರುಗಳಲ್ಲಿ ಇನ್ನೊಂದು ವಿಚಿತ್ರ ವಸ್ತು ಸಿಗುತ್ತದೆ: ಪಾರದರ್ಶಕ ಕಾಗದ. ಬಜ್ಜಿ ಕಟ್ಟಿಕೊಟ್ಟ ಪೇಪರಿನಲ್ಲಿ ಎಣ್ಣೆ ಇಳಿದ ಕಡೆ ಬೆಳಕು ಹಾಯುವುದನ್ನು ಎಲ್ಲರೂ ಕಂಡಿದ್ದೇವೆ. ಕಾಗದ ಬೆಳ್ಳಗೆ ಕಾಣುವುದು ನಾರುಗಳ ನಡುವಿನ ಗಾಳಿಯಿಂದ. ನಾರು, ಗಾಳಿ, ಮತ್ತೆ ನಾರು ಎಂದು ದಾಟುವಾಗ ಬೆಳಕು ಚದುರಿಹೋಗುತ್ತದೆ. ಎಣ್ಣೆ ಆ ಗಾಳಿಯನ್ನು ಹೊರದಬ್ಬುತ್ತದೆ. ಟ್ರೇಸಿಂಗ್ ಪೇಪರ್ ಮಾಡುವವರು ನಾರನ್ನು ವಿಪರೀತ ಅರೆದೋ, ಆಮ್ಲದಲ್ಲಿ ಅದ್ದಿಯೋ, ಎಣ್ಣೆ ರಾಳ ಕುಡಿಸಿಯೋ ಇದೇ ಕೆಲಸ ಮಾಡುತ್ತಾರೆ. ಸಂಯೋಜಕರಿಗೆ ಇದೇಕೆ ಬೇಕಿತ್ತು? ಫೋಟೋಕಾಪಿ ಯಂತ್ರ ಮನೆಮಾತಾಗುವ ಮುಂಚೆ ಪ್ರತಿ ತೆಗೆಯುವ ಅಗ್ಗದ ದಾರಿ ‘ಡೈಲೈನ್’. ನಮ್ಮ ಸಿವಿಲ್ ಎಂಜಿನಿಯರುಗಳು ಮನೆಯ ನಕ್ಷೆಗೆ ಮಾಡಿಸುತ್ತಿದ್ದ ‘ಅಮೋನಿಯಾ ಪ್ರಿಂಟ್’ ಅದೇ. ಆ ಅಂಗಡಿಯ ಮೂಗಿಗೆ ಹೊಡೆಯುವ ವಾಸನೆ ನೆನಪಿದ್ದವರಿಗೆ ಮುಂದಿನದು ಸುಲಭ.

ಡೈಯಜೋನಿಯಮ್ ಲವಣ ಸವರಿದ ಹಾಳೆಯ ಮೇಲೆ ಪಾರದರ್ಶಕ ಸ್ಕೋರನ್ನಿಟ್ಟು ಅತಿನೇರಳೆ ಬೆಳಕು ಬಿಡುತ್ತಾರೆ. ಬೆಳಕು ಬಿದ್ದಲ್ಲಿ ಲವಣ ಸಾಯುತ್ತದೆ. ಇಂಕಿನ ನೆರಳಲ್ಲಿ ಬದುಕುತ್ತದೆ. ಆಮೇಲೆ ಅಮೋನಿಯಾ ಆವಿ ತಾಗಿಸಿದರೆ ಬದುಕಿದ ಲವಣ ಜೊತೆಗಿದ್ದ ಇನ್ನೊಂದು ರಾಸಾಯನಿಕವನ್ನು ಕೂಡಿಕೊಂಡು ಬಣ್ಣವಾಗುತ್ತದೆ. ಸ್ವರಗಳ ನೆರಳೇ ಪ್ರತಿ! ಮೂಲ ಹಾಳೆಗೆ ತಿದ್ದುಪಡಿ ಬೇಕಾದರೆ ಬ್ಲೇಡಿನಿಂದ ಇಂಕನ್ನು ಕೆರೆದರಾಯಿತು. ಕೆಲವು ಹಾಳೆಗಳಲ್ಲಿ ಸ್ವರ ಕೂರಿಸುವ ಐದು ಗೆರೆಗಳನ್ನು ಜಾಣತನದಿಂದ ಹಿಂಬದಿಗೆ ಅಚ್ಚು ಹಾಕಿರುತ್ತಿದ್ದರು. ಮುಂಬದಿಯಲ್ಲಿ ಸ್ವರ ಕೆರೆದರೂ ಗೆರೆ ಹೋಗುವುದಿಲ್ಲ.

ಈ ಪ್ರತಿಗಳು ದೀರ್ಘಾಯುಷಿಗಳಲ್ಲ. ಹಾಳೆಯಲ್ಲಿ ಉಳಿದ ರಾಸಾಯನಿಕಗಳು ಗಾಳಿಗೆ ಕಂದುಬಣ್ಣಕ್ಕೆ ತಿರುಗುತ್ತವೆ, ಸ್ವರಗಳು ಮಂಕಾಗುತ್ತವೆ. ಬಿಳುಪು ಮತ್ತು ಕಪ್ಪು ಒಂದರತ್ತ ಒಂದು ನಡೆದುಬಂದು ಕೊನೆಗೆ ಎರಡೂ ಕಾಫಿ ಬಣ್ಣವಾಗುತ್ತವೆ. ಪಕ್ಕದಲ್ಲಿಟ್ಟ ಹಾಳೆಗೂ ಕಲೆ ಹತ್ತಿಸುವ ಚಾಳಿ ಇದಕ್ಕಿದೆ, ಹಾಗಾಗಿ ಪ್ರತ್ಯೇಕ ಲಕೋಟೆಯಲ್ಲಿಡಬೇಕು. ಪಾರದರ್ಶಕ ಮೂಲದ್ದು ಮತ್ತೊಂದು ತರಲೆ: ತೇವ ಏರಿಳಿದರೆ ಅದು ಸುಕ್ಕುಗಟ್ಟಿ ಮುದುಡುತ್ತದೆ. ಸಂಯೋಜಕರು ತಿದ್ದುಪಡಿಯ ಚೀಟಿ ಅಂಟಿಸಲು ಬಳಸಿದ ಸೆಲ್ಲೋಟೇಪಿನ ಬಗ್ಗೆ ಸಂರಕ್ಷಕರನ್ನು ಕೇಳಬಾರದು, ಅವರಿಗೆ ಸಿಟ್ಟು ಬರುತ್ತದೆ.

ಆಮ್ಲಕ್ಕೆ ಮದ್ದು ಉಂಟು. ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂನ ಪ್ರತ್ಯಾಮ್ಲೀಯ ದ್ರಾವಣದಲ್ಲಿ ಹಾಳೆಯನ್ನು ತೊಳೆದರೆ ಇದ್ದ ಆಮ್ಲ ತಟಸ್ಥವಾಗುತ್ತದೆ, ಮುಂದೆ ಹುಟ್ಟುವ ಆಮ್ಲಕ್ಕೂ ಒಂದಿಷ್ಟು ಸುಣ್ಣ ಕಾವಲು ಉಳಿಯುತ್ತದೆ. ಆದರೆ ಬಣ್ಣದ ಇಂಕಿನ ಸ್ಕೋರನ್ನು ನೀರಿಗೆ ಹಾಕಿದರೆ ಕಾಗದ ಉಳಿದು ಸಂಗೀತ ತೊಳೆದುಹೋದೀತು! ಅಂಥ ಕಡೆ ನೀರಿಲ್ಲದ ದ್ರಾವಕಗಳನ್ನು ಹುಡುಕಬೇಕು. ಇಲ್ಲವೇ ಏನೂ ಮಾಡದೆ ತಂಪಾಗಿ, ಕತ್ತಲಲ್ಲಿ ಇಡಬೇಕು. ಉಷ್ಣತೆ ಐದು ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾಗದದ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಸಂರಕ್ಷಕರ ಬಾಯಿಲೆಕ್ಕ.

ಈ ಲೆಕ್ಕ ಅಬರಿಸ್ಟ್‌ವಿತ್‌ನವರಿಗೆ ಹೊಸದಲ್ಲ. ಲಂಡನ್ನಿನ ಮೇಲೆ ಬಾಂಬು ಬೀಳುವ ಭಯದಲ್ಲಿ ಬ್ರಿಟಿಷ್ ಮ್ಯೂಸಿಯಂ ತನ್ನ ಅಮೂಲ್ಯ ವಸ್ತುಗಳನ್ನು ಈ ಗ್ರಂಥಾಲಯಕ್ಕೆ ಸಾಗಿಸಿತು. ಕಟ್ಟಡದ ಹತ್ತಿರದ ಬಂಡೆಯಲ್ಲಿ ಅದಕ್ಕಾಗಿಯೇ ಒಂದು ಸುರಂಗ ಕೊರೆದು, ಚರ್ಮದ ಹಾಳೆ, ಪಪೈರಸ್, ಕಾಗದ ಎಲ್ಲಕ್ಕೂ ಹೊಂದುವಂತೆ ಒಳಗೆ ಬಿಸಿಯನ್ನೂ ಗಾಳಿಯನ್ನೂ ಹದಮಾಡಿದರು. 1940ರ ಜುಲೈಯಿಂದ 1945ರ ಮೇ ತನಕ ಅದು ಬಳಕೆಯಲ್ಲಿತ್ತು. ಗ್ರೇಸ್ ‘ಸೀ ಸ್ಕೆಚಸ್’ ಬರೆದದ್ದು ಇದೇ ವರ್ಷಗಳ ನಡುವೆ.

1951ರ ಜರಡಿಯಿಂದ ಪಾರಾದ ಕೆಲವು ಕೃತಿಗಳು ಬಹುಕಾಲ ಹಸ್ತಪ್ರತಿಯಾಗಿಯೇ ಇದ್ದವು. ಅವುಗಳಲ್ಲಿ 1930ರ ಪಿಟೀಲು ಸೊನಾಟಾ, 1931ರ ಷಡ್ವಾದ್ಯ ಕೃತಿ, ಒಂಬತ್ತು ವಾದ್ಯಗಳ ಒಂದು ‘ಸೂಟ್’ ಸೇರಿವೆ. 2019ರಲ್ಲಿ ಪಿಟೀಲುವಾದಕಿ ಮ್ಯಾಡಲೀನ್ ಮಿಚೆಲ್ ಮತ್ತು ಸಂಗಡಿಗರು ನುಡಿಸಿದ ಧ್ವನಿಮುದ್ರಿಕೆಯಲ್ಲಿ ಅವು ಹೊರಬಂದವು. ಬರೆದವರು ತೀರಿಕೊಂಡು ಆಗಲೇ 42 ವರ್ಷ.

ಇಂಥ ಹಸ್ತಪ್ರತಿಯನ್ನು ನುಡಿಸುವ ಪ್ರತಿಯಾಗಿಸುವಾಗ ದೊಡ್ಡ ತಲೆನೋವು ಕೊಡುವುದು ಪುಟ್ಟ ಚುಕ್ಕೆ. ಪಾಶ್ಚಾತ್ಯ ಲಿಪಿಯಲ್ಲಿ ಸ್ವರದ ಬಲಕ್ಕೆ ಚುಕ್ಕೆ ಇಟ್ಟರೆ ಅದರ ಕಾಲ ಒಂದೂವರೆ ಪಟ್ಟು. ತಲೆಯ ಮೇಲೋ ಕೆಳಗೋ ಇಟ್ಟರೆ ಸ್ವರವನ್ನು ತುಂಡಾಗಿ ಕಡಿದು ನುಡಿಸಬೇಕು. ಹಳೆಯ ಕಾಗದಕ್ಕೋ ಶಿಲೀಂಧ್ರದಿಂದ, ತಿರುಳಿನಲ್ಲಿ ಸೇರಿದ ಕಬ್ಬಿಣದ ಪುಡಿಯಿಂದ ತಾನಾಗಿಯೇ ಚುಕ್ಕೆ ಇಟ್ಟುಕೊಳ್ಳುವ ರೋಗ. ಸಂಪಾದಕರು ಭೂತಗನ್ನಡಿ ಹಿಡಿದು ಕೂರುತ್ತಾರೆ: ಇದು ಸಂಯೋಜಕಿಯ ಚುಕ್ಕೆಯೋ, ಕಾಗದದ ಕಲೆಯೋ? ಅವಕೆಂಪು ಕ್ಯಾಮೆರಾದಲ್ಲಿ ಕಾಗದದ ಕಲೆ ಬಹುಮಟ್ಟಿಗೆ ಮಾಯವಾಗುತ್ತದೆ, ಅತಿನೇರಳೆ ದೀಪದಡಿ ಅನೇಕ ಸಲ ಮಿನುಗುತ್ತದೆ. ಪೆನ್ಸಿಲಿನ ಚುಕ್ಕೆ ಎರಡರಲ್ಲೂ ಕಪ್ಪು. ಕಪ್ಪಾಗಿಯೇ ಕಂಡರೆ ಸಂಪಾದಕರು ಅದನ್ನು ಹೊಸ ಪ್ರತಿಗೆ ಏರಿಸುತ್ತಾರೆ, ವಾದಕರ ಕಮಾನು ಅಷ್ಟು ಬೇಗ ತಂತಿಯಿಂದ ಮೇಲೇಳುತ್ತದೆ.