ಇನ್ನೊಂದು ಪೆಟ್ಟು ಬಿದ್ದರೆ ನೆನಪು ವಾಪಸ್ ಬರುತ್ತಾ?

ಪ್ರಶ್ನೆ: ಬೈಕಿನಿಂದ ಬಿದ್ದು ನಮ್ಮ ಯಜಮಾನರ ತಲೆಗೆ ಪೆಟ್ಟಾಯಿತು. ಮದುವೆ ಆಗಿದ್ದು, ಮಗಳು ಹುಟ್ಟಿದ್ದು ನೆನಪಿಲ್ಲ. ಈಗ ಹೇಳಿದ್ದೂ ನಿಲ್ಲಲ್ಲ. ದೊಡ್ಡ ಶಾಕ್ ಆದರೆ ಎಲ್ಲ ಬರುತ್ತೆ ಅಂತಾರೆ ನೆಂಟರು. ನಿಜವಾ?

ಇಲ್ಲ. ಹೋದ ಸಲ ಕೇಳಿದವರಿಗೂ ಇಲ್ಲ ಅಂದಿದ್ದೆ, ಅದರ ಹಿಂದಿನವರಿಗೂ.

ಇದು ಸಿನಿಮಾ ಕಲಿಸಿದ ಪಾಠ. ಇಂಟರ್‌ವಲ್‌ಗೆ ಮುಂಚೆ ಒಂದು ಪೆಟ್ಟು, ನೆನಪು ಹೋಯಿತು. ಕ್ಲೈಮ್ಯಾಕ್ಸಿನಲ್ಲಿ ಇನ್ನೊಂದು, ಬಂತು! ತಟ್ಟಿದರೆ ಚಿತ್ರ ಬರೋಕೆ ಮಿದುಳು ಹಳೇ ಟಿವಿ ಅಲ್ಲ. ಜೋರು ಏಟಿಗೆ ಅದು ಬುರುಡೆಯ ಒಳಗೋಡೆಗೆ ಬಡಿಯುತ್ತದೆ. ನರದ ಎಳೆಗಳು ಜಗ್ಗಿ ಹರಿಯುತ್ತವೆ, ರಕ್ತ ಸೋರುತ್ತದೆ, ಊತ ಬರುತ್ತದೆ. ಹರಿದ ಎಳೆಯನ್ನು ಎರಡನೇ ಏಟು ಹೇಗೆ ಕೂಡಿಸುತ್ತದೆ, ನೀವೇ ಹೇಳಿ. ಇನ್ನೂ ವಾಸಿಯಾಗದ ಮಿದುಳಿಗೆ ಮತ್ತೆ ಪೆಟ್ಟಾದರೆ ಜೀವಕ್ಕೇ ಕುತ್ತು. ‘ಹಾಗಾದ್ರೆ ಕರೆಂಟ್ ಕೊಡಿಸೋಣ’ ಅನ್ನುವವರೂ ಇದ್ದಾರೆ. ಆಸ್ಪತ್ರೆಯಲ್ಲಿ ಕೊಡುವ ಆ ಚಿಕಿತ್ಸೆ ತೀವ್ರ ಖಿನ್ನತೆಯಂಥ ಕಾಯಿಲೆಗೆ. ಅದರಿಂದಲೇ ಕೆಲವರಿಗೆ ಒಂದಿಷ್ಟು ಮರೆವು ಬರುತ್ತದೆ!

ಸಿನಿಮಾ ಹೀರೋ ತನ್ನ ಹೆಸರನ್ನೇ ಮರೆತು, ಹೊಸದನ್ನೆಲ್ಲ ಸಲೀಸಾಗಿ ಕಲಿಯುತ್ತಾನೆ. ನಿಜದಲ್ಲಿ ಸಾಮಾನ್ಯವಾಗಿ ಉಲ್ಟಾ. ಬಾಲ್ಯ ಗಟ್ಟಿಯಾಗಿರುತ್ತದೆ, ಬೆಳಗ್ಗೆ ತಿಂದ ಉಪ್ಪಿಟ್ಟು ಇರಲ್ಲ. ಮೊದಲ ತಿಂಗಳುಗಳಲ್ಲಿ ಊತ ಇಳಿದು ಮಿದುಳು ಸುಧಾರಿಸಿದ ಹಾಗೆ ಹಳೆಯದು ಒಂದಿಷ್ಟು ತಾನಾಗಿ ಬರಬಹುದು. ಬೀಳುವ ಮುಂಚಿನ ಆ ಸ್ವಲ್ಪ ಹೊತ್ತು ಮಾತ್ರ ಬರುವುದು ಕಷ್ಟ. ಅದು ಒಳಗೆ ಅಚ್ಚಾಗುವ ಮೊದಲೇ ಪೆಟ್ಟು ಬಿದ್ದಿತ್ತು.

ಹಾಗಾಗಿ ಮೊದಲು ಮನೆಯ ಪರೀಕ್ಷೆ ನಿಲ್ಲಿಸಿ. ಬಂದವರೆಲ್ಲ ‘ನಾನ್ಯಾರು ಹೇಳು ನೋಡೋಣ’ ಅಂತ ಕೂರ್ತಾರೆ, ಅಲ್ವಾ? ಯಜಮಾನರು ಊಹಿಸಿ ತಪ್ಪು ಹೆಸರು ಹೇಳುತ್ತಾರೆ. ತಿದ್ದಿದ್ದು ಮರೆತುಹೋಗುತ್ತದೆ, ತಪ್ಪು ಉಳಿಯುತ್ತದೆ. ಅದರ ಬದಲು ಮೊದಲೇ ಉತ್ತರ ಕೊಡಿ: ‘ಇವಳು ನಿಮ್ಮ ಮಗಳು, ಒಂದನೇ ಕ್ಲಾಸು.’ ಒಂದೇ ನೋಟ್‌ಬುಕ್, ಅದಕ್ಕೆ ಒಂದೇ ಜಾಗ, ಮಾತ್ರೆಗೆ ಫೋನಿನ ಅಲಾರಂ. ಮದುವೆ ಆಲ್ಬಂ ಧಾರಾಳವಾಗಿ ತೋರಿಸಿ. ‘ನೆನಪಾಯ್ತಾ?’ ಅಂತ ಮಾತ್ರ ಕೇಳಬೇಡಿ. ನಿಮ್ಮ ಬಾಯಿಂದ ಕೇಳಿ ತಿಳಿದದ್ದಾದರೂ ಅವರ ಪಾಲಿಗೆ ಅದು ಅವರದೇ ಕಥೆ. ಸಿಟ್ಟು ಜಾಸ್ತಿಯಾಗಿದ್ದರೆ ಡಾಕ್ಟರಿಗೆ ಹೇಳಿ, ಅದೂ ಪೆಟ್ಟಿನ ಭಾಗವೇ.

ಹೊಸದು ಏನೂ ಹತ್ತೋದೇ ಇಲ್ಲ ಅಂತ ಕೈಚೆಲ್ಲಬೇಡಿ. ಅಮೆರಿಕದ ಹೆನ್ರಿ ಮೊಲೈಸನ್‌ಗೆ 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಆಪರೇಷನ್ ಮಾಡಿದರು. ನೆನಪು ಕೂಡಿಡುವ ಹಿಪೊಕ್ಯಾಂಪಸ್ ಭಾಗದಲ್ಲಿ ಎರಡೂ ಕಡೆ ದೊಡ್ಡ ಪಾಲನ್ನು ತೆಗೆದರು. ಆಮೇಲೆ 2008ರಲ್ಲಿ ಸಾಯುವವರೆಗೂ ಹೊಸ ಘಟನೆ ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಆದರೂ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ತಿದ್ದಲು ಕೊಟ್ಟಾಗ, ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಹಿಂದಿನ ದಿನ ತಿದ್ದಿದ್ದೇ ಅವರಿಗೆ ಗೊತ್ತಿರಲಿಲ್ಲ! ಕೈ ಕಲಿಯುವ ದಾರಿ ಬೇರೆ. ಅದಕ್ಕೇ ದಿನವೂ ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮಾಡಿಸಿ ಅನ್ನೋದು.

ಕೈ ಅಂದಮೇಲೆ, ಸಹಿಯ ವಿಷಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಳೆಯ ಸಹಿ ಕೈಯಲ್ಲಿ ಹಾಗೇ ಇರುತ್ತದೆ, ಪೆನ್ನು ಕೊಟ್ಟರೆ ಚೆನ್ನಾಗೇ ಹಾಕುತ್ತಾರೆ. ಯಾವುದಕ್ಕೆ ಹಾಕಿದೆ ಅನ್ನುವುದು ಸಂಜೆಗೆ ಇರಲ್ಲ. ಜಮೀನಿನ ಪಾಲು ಬಾಕಿ ಇರುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ. 1872ರ ಒಪ್ಪಂದ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಸಹಿ ಹಾಕುವವರಿಗೆ ಆ ಹೊತ್ತಿನಲ್ಲಿ ಒಪ್ಪಂದ ಅರ್ಥವಾಗಬೇಕು, ಅದರಿಂದ ತನಗೆ ಒಳಿತೋ ಕೆಡುಕೋ ಎಂದು ತೂಗಿ ನೋಡಲೂ ಆಗಬೇಕು. ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿ, ನೆನಪಿನ ಪರೀಕ್ಷೆಯ ವರದಿ ಜೋಪಾನವಾಗಿಡಿ. ಯಾರಾದರೂ ‘ಸುಮ್ನೆ ಒಂದು ಸಹಿ’ ಅಂತ ಕಾಗದ ತಂದರೆ, ಮೊದಲು ವಕೀಲರಿಗೆ ತೋರಿಸಿ.