ಕಿಡ್ನಿಗೂ ರಕ್ತಕ್ಕೂ ಎಂತ ಸಂಬಂಧ?

"ಕಿಡ್ನಿ ಹಾಳಾದ್ರೆ ರಕ್ತ ಎಂತಕ್ಕೆ ಕಮ್ಮಿ ಆಗ್ತದೆ ಡಾಕ್ಟ್ರೇ?"

ಡಯಾಲಿಸಿಸ್‌ಗೆಂದು ಅಂಕೋಲಾ, ಕದ್ರಾ ಕಡೆಯಿಂದ ಕಾರವಾರಕ್ಕೆ ಬರುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿನ ರೆಪ್ಪೆ ಕೆಳಗೆ ಎಳೆದರೆ ಒಳಗೆಲ್ಲ ಬಿಳಿ. ಕೇಳದೆ ಇನ್ನೇನು ಮಾಡುತ್ತಾರೆ?

ಕೆಂಪು ರಕ್ತಕಣ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಆಯುಷ್ಯ ಸುಮಾರು 120 ದಿನ. ಹಳೆಯವು ಹೋದಂತೆ ಹೊಸವು ಬರುತ್ತಲೇ ಇರಬೇಕು. ಆಮ್ಲಜನಕ ಸಾಲುತ್ತಿಲ್ಲ ಅಂತ ಗೊತ್ತಾದ ಕೂಡಲೇ, ಇನ್ನಷ್ಟು ಕಣ ಮಾಡು ಎಂದು ಮಜ್ಜೆಗೆ ಹೇಳುವುದು ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನ್. ದೊಡ್ಡವರಲ್ಲಿ ಅದರ ಬಹುಪಾಲು ತಯಾರಾಗುವುದು ಕಿಡ್ನಿಯಲ್ಲೇ. ಕಿಡ್ನಿ ಸೋತರೆ ಆ ಮಾತು ಹೇಳುವವರೇ ಇಲ್ಲ. ಮಜ್ಜೆ ಚೆನ್ನಾಗಿದ್ದರೂ ಸುಮ್ನೆ ಕೂರುತ್ತದೆ.

ಇದು ಗೊತ್ತಾದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಷಿಕಾಗೊದ ವಿಜ್ಞಾನಿ ಯೂಜೀನ್ ಗೋಲ್ಡ್‌ವಾಸರ್ ಈ ಹಾರ್ಮೋನ್‌ನ ಬೆನ್ನು ಹತ್ತಿದ್ದು 1955ರಲ್ಲಿ. ಇಲಿಗಳಲ್ಲಿ ಒಂದೊಂದೇ ಅಂಗ ತೆಗೆದು ನೋಡಿದರು. ಕಿಡ್ನಿ ತೆಗೆದಾಗ ಮಾತ್ರ ಹಾರ್ಮೋನ್ ಏರಲಿಲ್ಲ. 1957ಕ್ಕೆ ಇಷ್ಟು ತಿಳಿಯಿತು. ಆದರೆ ಅದನ್ನು ಶುದ್ಧ ರೂಪದಲ್ಲಿ ತೆಗೆಯಲು ಮತ್ತೆ 20 ವರ್ಷ ಬೇಕಾಯಿತು. ಕುರಿಗಳ ರಕ್ತ ಸೋಸಿ ಸೋಸಿ ವರ್ಷಗಳೇ ಕಳೆದವು, ಸಿಕ್ಕಿದ್ದು ಏನೇನೂ ಸಾಲಲಿಲ್ಲ. ಕೊನೆಗೆ ಕೈ ಹಿಡಿದದ್ದು ಜಪಾನಿನ ಕುಮಾಮೊಟೊದ ತಕಾಜಿ ಮಿಯಾಕೆ. ಮಜ್ಜೆಯೇ ಕೆಲಸ ನಿಲ್ಲಿಸಿದ ರೋಗಿಗಳಲ್ಲಿ ಕಿಡ್ನಿ ಹಾರ್ಮೋನ್ ಕಳಿಸುತ್ತಲೇ ಇರುತ್ತದೆ, ಒಂದಿಷ್ಟು ಮೂತ್ರದಲ್ಲೂ ಹೋಗುತ್ತದೆ. ಅಂಥವರ 2550 ಲೀಟರ್ ಮೂತ್ರ ಕೂಡಿಟ್ಟು, ಒಣಗಿಸಿ, ಮಿಯಾಕೆ ಷಿಕಾಗೊಗೆ ಹೊತ್ತು ತಂದರು. ಅಷ್ಟರಿಂದ ಸಿಕ್ಕ ಶುದ್ಧ ಹಾರ್ಮೋನ್ ಕೆಲವೇ ಮಿಲಿಗ್ರಾಂ. ಆ ಕಾಯಿಲೆಯವರು ಕೊಟ್ಟದ್ದು ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ನನಗೆ ಇದು ದೊಡ್ಡ ಋಣ ಅನ್ನಿಸುತ್ತದೆ.

ಆ ಕೆಲವೇ ಮಿಲಿಗ್ರಾಂ ಆಧಾರದ ಮೇಲೆ 1983ರಲ್ಲಿ ಆಮ್‌ಜೆನ್ ಕಂಪನಿಯ ಫು-ಕುಯೆನ್ ಲಿನ್ ಇದರ ಜೀನ್ ಹುಡುಕಿದರು. ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಜೀವಕೋಶಗಳಿಗೆ ಆ ಜೀನ್ ಸೇರಿಸಿ ಹಾರ್ಮೋನ್ ತಯಾರಿಸಿದರು. 1989ರಲ್ಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಡಯಾಲಿಸಿಸ್‌ನವರಿಗೆ ಮತ್ತೆ ಮತ್ತೆ ರಕ್ತ ಹಾಕಿಸುವುದೇ ಗತಿ. ಅದರಿಂದ ಮೈಯಲ್ಲಿ ಕಬ್ಬಿಣ ತುಂಬುತ್ತಿತ್ತು, ಹೆಪಟೈಟಿಸ್ ಅಂಟುವ ಭಯ ಬೇರೆ.

ಡಯಾಲಿಸಿಸ್ ಹೊತ್ತಿಗೆ ನಿಮಗೆ ಕೊಡುವ ಸಣ್ಣ ಇಂಜೆಕ್ಷನ್ ಇದೇ. ತಗೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ನಾವು ಮೊದಲು ನೋಡುವುದು ಕಬ್ಬಿಣಾಂಶ. ಮಜ್ಜೆಗೆ ಕಣ ಮಾಡು ಅಂದರೆ ಸಾಕಾ? ಸಾಮಗ್ರಿಯೂ ಬೇಕಲ್ವಾ? ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಬರೆದಾಗ "ಮತ್ತೊಂದು ಖರ್ಚು" ಅಂತ ಬಿಟ್ಟುಬಿಡಬೇಡಿ. ಹಿಮೋಗ್ಲೋಬಿನ್ 14ಕ್ಕೆ ಏರಿಸಿ ಅಂತ ಒತ್ತಾಯವೂ ಬೇಡ. 13 ದಾಟಿಸಲು ಹೋದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. 10ರಿಂದ 11.5ರ ನಡುವೆ ನಿಂತರೆ ಸಾಕು.

ಇನ್ನು, ಔಷಧಿ ಅಂಗಡಿಯಿಂದ ಇಂಜೆಕ್ಷನ್ ತರುವವರಿಗೆ ಒಂದು ಮಾತು. ಇದು ಪ್ರೋಟೀನ್, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಕಿಟಕಿ ಪಕ್ಕ ಕೈಚೀಲದಲ್ಲಿ ಇಟ್ಟು ತರಬೇಡಿ. ಐಸ್‌ಪ್ಯಾಕ್ ಕೇಳಿ ಪಡೆಯಿರಿ, ಆದರೆ ಬಾಟಲಿ ನೇರ ಐಸಿಗೆ ತಾಗದಂತೆ ಬಟ್ಟೆ ಸುತ್ತಿ. ಮನೆಯಲ್ಲಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ, ಫ್ರೀಜರ್‌ನಲ್ಲಿ ಬೇಡವೇ ಬೇಡ. ಅಪ್ಪಿತಪ್ಪಿ ಗಟ್ಟಿಯಾಗಿಬಿಟ್ಟರೆ ಕರಗಿಸಿ ತರಬೇಡಿ, ಸಿಸ್ಟರ್‌ಗೆ ಹೇಳಿ. ಯಾರೂ ಬೈಯುವುದಿಲ್ಲ.