ಓಡುವುದು ಎರಡು ನಿಮಿಷ, ತಿನ್ನುವುದು ವರ್ಷವಿಡೀ

ಉಡುಪಿಯ ನನ್ನ ಕ್ಲೈಂಟ್ ಒಬ್ಬರು ಮನೆಯಲ್ಲಿ, "ನಾವು ಐದಾರು ಜನ ಸೇರಿ ಒಂದು ಸಿಂಡಿಕೇಟ್ ಮಾಡ್ತೇವೆ" ಎಂದರಂತೆ. ಅವರ ತಾಯಿ ಕೇಳಿದ್ದು ಒಂದೇ ಮಾತು: "ಹೌದಾ, ಪುನಃ ಶುರು ಮಾಡ್ತಾರಂತಾ?"

ಅವರ ತಪ್ಪೇನೂ ಇಲ್ಲ. ಉಡುಪಿಯಲ್ಲಿ ಸಿಂಡಿಕೇಟ್ ಅಂದರೆ ಬ್ಯಾಂಕ್. 1925ರಲ್ಲಿ ಅಲ್ಲೇ ಹುಟ್ಟಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿಹೋದ ಬ್ಯಾಂಕ್. ಮಗ ಹೇಳಿದ್ದು ರೇಸ್ ಕುದುರೆಯ ಸಿಂಡಿಕೇಟ್. ಕೆಲವರು ದುಡ್ಡು ಹಾಕಿ ಒಂದು ಕುದುರೆ ಕೊಳ್ಳುವುದು, ಖರ್ಚನ್ನೂ ಬಹುಮಾನವನ್ನೂ ಹಂಚಿಕೊಳ್ಳುವುದು.

ಮಂಗಳೂರಿನಲ್ಲಿ ರೇಸ್ ಕೋರ್ಸ್ ಇಲ್ಲ. ಆದರೂ ರೇಸ್ ಹುಚ್ಚಿನವರಿಗೆ ಇಲ್ಲಿ ಬರ ಇಲ್ಲ. ಸಂಪಾಜೆ ಘಾಟಿ ಹತ್ತಿ ಮೈಸೂರಿಗೆ, ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತಾರೆ. ನಾನು ಹೆಚ್ಚಾಗಿ ನೋಡುವುದು ಹೋಟೆಲುಗಳ, ಬೋಟುಗಳ ಲೆಕ್ಕಪತ್ರ. ಆದರೂ ವರ್ಷಕ್ಕೆ ಒಂದೋ ಎರಡೋ ಗುಂಪು, "ಆಡಿಟ್ರೆ, ಒಂದು ಅಗ್ರಿಮೆಂಟ್ ಮಾಡಿಕೊಡಿ" ಎಂದು ಬಂದು ಕೂರುತ್ತದೆ. ಒಬ್ಬರ ಮೊಬೈಲಿನಲ್ಲಿ ಕುದುರೆಯ ಫೋಟೊ ಇರುತ್ತದೆ. ಉಳಿದವರ ಕಣ್ಣೆಲ್ಲ ಅದರ ಮೇಲೆ.

ಬಂದವರು ಕೇಳುವುದು ಮೂರೇ ಪ್ರಶ್ನೆ. ಗೆದ್ದರೆ ಹಂಚಿಕೆ ಹೇಗೆ? ರೇಸ್ ಪುಸ್ತಕದಲ್ಲಿ ಯಾರ ಹೆಸರು ಬರುತ್ತದೆ? ಗೆದ್ದ ಕುದುರೆಯ ಲಗಾಮು ಹಿಡಿದು ಫೋಟೊಗೆ ನಿಲ್ಲುವುದು ಯಾರು? ಮೂರನೆಯದಕ್ಕೆ ಒಮ್ಮೆ ನನ್ನ ಟೇಬಲ್ಲಿನ ಮುಂದೆಯೇ ಜಗಳವಾಗಿದೆ. ಕುದುರೆಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ನಾಲ್ಕನೆಯ ಪ್ರಶ್ನೆಯನ್ನು ಇವತ್ತಿನವರೆಗೆ ಒಬ್ಬರೂ ತಾವಾಗಿ ಕೇಳಿಲ್ಲ: ನಮ್ಮಲ್ಲಿ ಒಬ್ಬ ತಿಂಗಳ ದುಡ್ಡು ಕೊಡುವುದನ್ನು ನಿಲ್ಲಿಸಿದರೆ ಏನು?

ಕೇಳಿದರೆ ಎಲ್ಲರೂ ನಗುತ್ತಾರೆ. "ಎಂತ ಮಾರಾಯ್ರೆ, ನಾವು ಒಟ್ಟಿಗೆ ಕಾಲೇಜಿಗೆ ಹೋದವರು." ಒಟ್ಟಿಗೆ ಕಾಲೇಜಿಗೆ ಹೋದವರ ಫೈಲುಗಳು ನನ್ನ ಕಪಾಟಿನಲ್ಲಿ ಎಷ್ಟು ಉಂಟು ಎಂದು ಅವರಿಗೆ ಗೊತ್ತಿಲ್ಲ.

ಒಂದು ಗುಂಪಿನ ಕಥೆ ಹೇಳುತ್ತೇನೆ. ಗುರುತು ಸಿಗದಷ್ಟು ಬದಲಿಸಿದ್ದೇನೆ, ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗುವಂತೆ ಇಟ್ಟಿದ್ದೇನೆ. ಆರು ಜನ, ಸಮಪಾಲು. ತಿಂಗಳ ಖರ್ಚು 60,000 ಅಂತ ಇಟ್ಟುಕೊಳ್ಳಿ. ತಲೆಗೆ ಹತ್ತು ಸಾವಿರ. ಆರರಲ್ಲಿ ಒಬ್ಬರು ಕಂಟ್ರಾಕ್ಟರ್. ಅವರ ಬಿಲ್ ಎಲ್ಲೋ ಸಿಕ್ಕಿಬಿತ್ತು. "ಮುಂದಿನ ತಿಂಗಳು ಸೇರಿಸಿ ಕೊಡ್ತೇನೆ" ಎಂದರು. ಮುಂದಿನ ತಿಂಗಳೂ ಅದನ್ನೇ ಹೇಳಿದರು. ದಾಕ್ಷಿಣ್ಯ ನೋಡಿ, ಉಳಿದ ಐವರು ಅವರ ಹತ್ತು ಸಾವಿರವನ್ನು ಎರಡೆರಡು ಸಾವಿರದಂತೆ ಹಂಚಿಕೊಂಡು ಕಟ್ಟಿದರು. ಹೀಗೆ ಎಂಟು ತಿಂಗಳು. 80,000 ಬಾಕಿ. ಅಷ್ಟರಲ್ಲಿ ಆಸಾಮಿ ವಾಟ್ಸಾಪ್ ಗುಂಪಿನಲ್ಲಿ ಮಾತು ಬಿಟ್ಟಿದ್ದರು.

ಒಂಬತ್ತನೇ ತಿಂಗಳು ಕುದುರೆ ಗೆದ್ದಿತು. ಟ್ರೈನರ್, ಜಾಕಿ, ಲಾಯದವರ ಪಾಲೆಲ್ಲ ಕಳೆದು ಮಾಲೀಕರಿಗೆ ಆರು ಲಕ್ಷ ಬಂತು ಅಂತಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆಯೇ ಕಂಟ್ರಾಕ್ಟರ್ ಮಾತಾಡಲು ಶುರು ಮಾಡಿದರು. "ನನ್ನ ಪಾಲು ಒಂದು ಲಕ್ಷ. ಬಾಕಿ 80,000 ಹಿಡಿದುಕೊಳ್ಳಿ. ಉಳಿದ 20,000 ಕೊಡಿ. ಲೆಕ್ಕ ಚುಕ್ತಾ."

ಉಳಿದವರು ಕೆಂಡವಾದರು. ನನ್ನ ಹತ್ತಿರ ಓಡಿ ಬಂದರು. "ಅವನು ಕೊಡ್ಲಿಲ್ಲ ಅಂದ ಮೇಲೆ ಅವನಿಗೆ ಪಾಲು ಎಲ್ಲಿ ಉಂಟು?"

ಪಾಲು ಇದೆ. ನನಗೇ ಬೇಜಾರಾದರೂ ಹಾಗೇ ಹೇಳಬೇಕಾಯಿತು. ಕೊಳ್ಳುವಾಗ ದುಡ್ಡು ಕೊಟ್ಟಿದ್ದಾರೆ, ಹೆಸರು ನೋಂದಾಯಿಸಿದ್ದಾರೆ, ಅವರು ಆರರಲ್ಲಿ ಒಂದು ಪಾಲಿನ ಒಡೆಯರೇ. ತಿಂಗಳ ದುಡ್ಡು ಕೊಡದಿದ್ದರೆ ಅದು ಸಾಲ. ಸಾಲಗಾರ ಎಂಬ ಕಾರಣಕ್ಕೆ ಒಡೆತನ ತಾನಾಗಿ ಕರಗುವುದಿಲ್ಲ. ಹಾಗೆ ಆಗಬೇಕಾದರೆ ಅದನ್ನು ಮೊದಲೇ ಬರೆದಿರಬೇಕು. ಇವರು ಬರೆದದ್ದು ಗೆದ್ದರೆ ಹಂಚುವುದು ಹೇಗೆ ಎಂದು ಮಾತ್ರ.

ಆದರೆ ಐವರ ಸಿಟ್ಟಿನಲ್ಲೂ ನ್ಯಾಯ ಇತ್ತು. ಕುದುರೆ ಸೋಲುತ್ತಲೇ ಇದ್ದಿದ್ದರೆ ಈ ಮನುಷ್ಯ 80,000 ಕೊಡುತ್ತಿದ್ದರಾ? ಖಂಡಿತ ಇಲ್ಲ. ಸೋತರೆ ಐವರ ದುಡ್ಡು ಹೋಗುತ್ತದೆ, ಗೆದ್ದರೆ ಆರನೆಯವನೂ ಬಂದು ಸಾಲಿನಲ್ಲಿ ನಿಲ್ಲುತ್ತಾನೆ. ಎಂಟು ತಿಂಗಳು ಅವರು ಪುಕ್ಕಟೆಯಾಗಿ ಕಾದು ನೋಡಿದರು. ಆ ಕಾಯುವಿಕೆಗೆ ಉಳಿದವರು ದುಡ್ಡು ಕಟ್ಟಿದರು. ಜನ ಇದನ್ನು ಬಡ್ಡಿಯ ಪ್ರಶ್ನೆ ಅಂದುಕೊಳ್ಳುತ್ತಾರೆ. ನಾನು ಎಷ್ಟು ಸಲ ಹೇಳಿದರೂ, "ಸರಿ, ತಡವಾದರೆ ಬಡ್ಡಿ ಅಂತ ಬರೀರಿ" ಎನ್ನುತ್ತಾರೆ. ಬಡ್ಡಿ ಅಲ್ಲ ಸ್ವಾಮಿ. ಸೋಲಿನ ಭಾರ ಹೊರದವನಿಗೆ ಗೆಲುವಿನಲ್ಲಿ ಎಷ್ಟು ಪಾಲು ಎಂಬುದು ಪ್ರಶ್ನೆ. ಅದನ್ನು ಕುದುರೆ ಗೆಲ್ಲುವ ಮೊದಲು ಬರೆಯಬೇಕು. ಗೆದ್ದ ಮೇಲೆ ಯಾವ ದೇವರೂ ಬರೆಸಲಾರ.

ಹಾಗಂತ, "ಒಂದು ಕಂತು ತಪ್ಪಿದರೆ ಪಾಲು ಪೂರ್ತಿ ಹೋಯಿತು" ಎಂದು ಬರೆಯಲೂ ನಾನು ಒಪ್ಪುವುದಿಲ್ಲ. 1872ರ ಕರಾರು ಕಾಯ್ದೆಯಲ್ಲಿ ದಂಡದಂಥ ಷರತ್ತಿಗೆ ಮಿತಿ ಇದೆ. ಎಷ್ಟೇ ದೊಡ್ಡ ಮೊತ್ತ ಬರೆದುಕೊಂಡರೂ ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಅದಕ್ಕೆ ನಾನು ಸಾಮಾನ್ಯವಾಗಿ ಹೇಳುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ದಾರಿ. ಎರಡು ಕಂತು ಬಾಕಿಯಾದರೆ ಬರಹದಲ್ಲಿ ನೋಟಿಸ್. 30 ದಿನ ಸಮಯ. ಆಮೇಲೂ ಕೊಡದಿದ್ದರೆ, ಬಾಕಿ ತೀರುವವರೆಗೆ ಬಹುಮಾನದಲ್ಲಿ ಅವರ ಪಾಲು, ಅವರ ಪರವಾಗಿ ಕಟ್ಟಿದವರಿಗೆ. ಇನ್ನೂ ಮುಂದುವರಿದರೆ ಪಾಲನ್ನು ಉಳಿದವರು ಕೊಳ್ಳಬಹುದು. ಬೆಲೆ ಕಟ್ಟುವವರು ಯಾರು ಎಂದೂ ಮೊದಲೇ ಬರೆದಿಡಿ. ಕೊಂಡ ಬೆಲೆಗೆ ವಾಪಸು ಅನ್ನಬೇಡಿ. ಕಾಲು ಕೆಟ್ಟ ಕುದುರೆಗೆ ಕೊಂಡ ಬೆಲೆ ಯಾರು ಕೊಡುತ್ತಾರೆ? ನಿಮ್ಮ ಸಂದರ್ಭಕ್ಕೆ ಇದು ಪೂರ್ತಿ ಹೊಂದದೇ ಇರಬಹುದು. ವಕೀಲರಿಗೆ ಒಮ್ಮೆ ತೋರಿಸಿ.

ಈ ಮಾತು ಬೋಟಿನವರಿಗೆ ಬೇಗ ಅರ್ಥವಾಗುತ್ತದೆ. ಮಲ್ಪೆ ಬಂದರಿನಲ್ಲಿ, ನಮ್ಮ ಮಂಗಳೂರಿನ ದಕ್ಕೆಯಲ್ಲಿ ಪರ್ಸೀನ್ ಬೋಟಿಗೆ, ಅಂದರೆ ದೊಡ್ಡ ಸುತ್ತುಬಲೆಯ ಬೋಟಿಗೆ, ಹಲವು ಪಾಲುದಾರರು ಇರುವುದು ಹೊಸದೇನಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಆಗಲೂ ಬಲೆ, ಇಂಜಿನ್, ಬ್ಯಾಂಕ್ ಕಂತು ಯಾವುದೂ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತು. ಆದರೂ ಬೋಟನ್ನು ದಡಕ್ಕೆ ಕಟ್ಟಿ ಮನೆಗೆ ಹೋಗಬಹುದು. ಕುದುರೆಯನ್ನು ಕಟ್ಟಿ ಹೋದರೆ ಅದು ಮಧ್ಯಾಹ್ನ ಹಸಿವಿನಿಂದ ಕೆನೆಯುತ್ತದೆ. 2020ರಲ್ಲಿ ಲಾಕ್‌ಡೌನ್ ಆಗಿ ತಿಂಗಳುಗಟ್ಟಲೆ ರೇಸೇ ಇರಲಿಲ್ಲ. ಬಹುಮಾನ ಸೊನ್ನೆ. ಹುಲ್ಲು, ಓಟ್ಸ್, ಲಾಳ, ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ ಎಲ್ಲ ಮಾಮೂಲು.

ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಕಂಬಳದ ಕೋಣ ಇದ್ದವು. ನೇಗಿಲು ಕಿರಿಯ ಎಂಬ ವಿಭಾಗದಲ್ಲಿ ಓಡುತ್ತಿದ್ದವು. ಮಳೆಗಾಲದಲ್ಲಿ ಓಟ ಇಲ್ಲ, ಆದರೆ ಹುರುಳಿ ಬೇಯುವುದು ನಿಲ್ಲುತ್ತಿರಲಿಲ್ಲ, ಎಣ್ಣೆ ತಿಕ್ಕುವುದೂ ನಿಲ್ಲುತ್ತಿರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಕಂಬಳಕ್ಕೆ ಕುತ್ತು ಬಂದಾಗಲೂ ಮಾವ ಕೋಣಗಳನ್ನು ಮಾರಲಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಷ್ಟು ವರ್ಷವೂ ಹಟ್ಟಿಯಲ್ಲಿ ಹುರುಳಿ ಬೆಂದಿದೆ. ಅವರು ಲೆಕ್ಕ ಇಟ್ಟವರಲ್ಲ. ಇಟ್ಟಿದ್ದರೆ ನನಗೆ ತೋರಿಸಲು ನಾಚಿಕೊಳ್ಳುತ್ತಿದ್ದರೇನೋ. ಒಮ್ಮೆ ಅವರಿಗೆ ಆರು ಜನ ಸೇರಿ ಒಂದು ಕುದುರೆ ಸಾಕುವ ಸುದ್ದಿ ಹೇಳಿದೆ. ಎಲೆ ಅಡಿಕೆ ಉಗಿದು ಬಂದು ತುಳುವಿನಲ್ಲಿ ಕೇಳಿದರು: ಆರು ಜನ ಯಜಮಾನರಾ? ಹುಲ್ಲು ಹಾಕುವವ ಯಾರು?

ನನ್ನ ನಾಲ್ಕನೇ ಪ್ರಶ್ನೆಯನ್ನು ಇಷ್ಟು ಚಿಕ್ಕದಾಗಿ ಕೇಳಲು ನನಗೇ ಬಂದಿಲ್ಲ.

ಕಾಗದದ ಬಗ್ಗೆ ಎರಡು ಮಾತು. ಕುದುರೆಯ ಮಾಲೀಕತ್ವ ರೇಸ್ ಕ್ಲಬ್ಬಿನಲ್ಲಿ ನೋಂದಣಿಯಾಗಬೇಕು, ಮಾಲೀಕರಾಗಿ ಬರುವವರನ್ನು ಕ್ಲಬ್ ಒಪ್ಪಬೇಕು. ನಿಯಮ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ, ಅದನ್ನು ಅವರ ಕಚೇರಿಯಲ್ಲೇ ಕೇಳಿ. ಸ್ಟಾಂಪ್ ಪೇಪರಿನಲ್ಲಿ ನೀವು ಏನೇ ಬರೆದುಕೊಂಡರೂ ಅದು ನಿಮ್ಮ ನಿಮ್ಮೊಳಗಿನ ಮಾತು. ಒಬ್ಬರು ಇಂಟರ್ನೆಟ್ಟಿನಿಂದ ಪಾರ್ಟ್ನರ್‌ಶಿಪ್ ಡೀಡ್ ಇಳಿಸಿ, ಅಂಗಡಿ ಇದ್ದಲ್ಲೆಲ್ಲ ಕುದುರೆ ಎಂದು ತಿದ್ದಿ ತಂದಿದ್ದರು. ಮೂಲ ಬೇಕರಿಯದ್ದು. ಮೂರನೇ ಪುಟದಲ್ಲಿ "ಉಳಿದುಹೋದ ಸರಕನ್ನು ಅರ್ಧ ಬೆಲೆಗೆ ಮಾರತಕ್ಕದ್ದು" ಎಂದು ಹಾಗೇ ಉಳಿದಿತ್ತು.

ಸುಮ್ನೆ ಪಾರ್ಟ್ನರ್‌ಶಿಪ್ ಎಂದು ಬರೆದುಕೊಳ್ಳಬೇಡಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಒಂದು ವಸ್ತುವಿಗೆ ಜಂಟಿ ಒಡೆಯರಾಗಿ ಅದರ ಲಾಭ ಹಂಚಿಕೊಂಡ ಮಾತ್ರಕ್ಕೆ ನೀವು ಪಾಲುದಾರರಾಗುವುದಿಲ್ಲ. ಆದರೆ ಪಾಲುದಾರರೇ ಆಗಿಬಿಟ್ಟರೆ, ಬೇರೆ ಬರೆಯದಿದ್ದಲ್ಲಿ ನಷ್ಟವೂ ಸಮಪಾಲು. ಹೊರಗಿನವರ ಸಾಲಕ್ಕೆ ಒಬ್ಬೊಬ್ಬರೂ ಪೂರ್ತಿ ಹೊಣೆ. ಹತ್ತರಲ್ಲಿ ಒಂದು ಪಾಲು ಹಾಕಿದವರೂ ಇದನ್ನು ಎರಡು ಸಲ ಓದಿಕೊಳ್ಳಿ.

ತೆರಿಗೆ ಬಗ್ಗೆ ಕೇಳುವವರು ಕೇಳುವುದು ಒಂದೇ. "ಕುದುರೆ ನಷ್ಟವನ್ನು ಹೋಟೆಲ್ ಲಾಭದಲ್ಲಿ ಕಳೆಯಬಹುದಲ್ವಾ?" ಆಗುವುದಿಲ್ಲ. ರೇಸ್ ಕುದುರೆ ಸಾಕುವ ನಷ್ಟ ಅದೇ ಬಗೆಯ ಆದಾಯದಲ್ಲಿ ಮಾತ್ರ ಕಳೆಯುತ್ತದೆ, ಮುಂದಕ್ಕೆ ಒಯ್ಯಲು ನಾಲ್ಕೇ ವರ್ಷ. ಬಾಜಿ ಕಟ್ಟಿ ಗೆದ್ದದ್ದು ಬೇರೆ ಲೆಕ್ಕ, ಅದಕ್ಕೆ ನೇರ 30 ಶೇಕಡಾ. ಮಾಲೀಕನಾಗಿ ಬಂದ ಬಹುಮಾನವನ್ನೂ ಬಾಜಿಯ ದುಡ್ಡನ್ನೂ ಒಂದೇ ಖಾತೆಗೆ ಹಾಕಿ ಮಾರ್ಚ್ ಕೊನೆಯಲ್ಲಿ ನನ್ನ ಮುಂದೆ ಸುರಿಯಬೇಡಿ.

ಓಟ ಮುಗಿದ ಮೇಲಿನ ಮಾತೂ ಬರೆಯಿರಿ. ಕುದುರೆ ಓಡುವುದು ಕೆಲವೇ ವರ್ಷ, ಬದುಕುವುದು 25 ವರ್ಷ. ಹೆಣ್ಣಾದರೆ ತಳಿ ಫಾರಂನವರು ಕೇಳಿಯಾರು. ಬೀಜ ಒಡೆದ ಗಂಡಾದರೆ ಕೇಳುವವರು ಕಡಿಮೆ. ಆಗ ಅದರ ಮೇವು ಯಾರದ್ದು? ಈ ಪ್ರಶ್ನೆಗೆ ಕೋಣೆಯಲ್ಲಿ ಯಾವಾಗಲೂ ಒಂದು ಬಗೆಯ ಮೌನ ಬರುತ್ತದೆ. ಒಮ್ಮೆ ಮಾತ್ರ ಡಾಕ್ಟರೊಬ್ಬರು ತಕ್ಷಣ, "ನಾನು ನೋಡಿಕೊಳ್ತೇನೆ" ಎಂದರು. ಅವರು ನನಗೆ ಕೊಡಬೇಕಾದ ಫೀಸಿನಲ್ಲಿ ಕಡಿತ ಮಾಡಿದೆ.

ಉಡುಪಿಯವರಿಗೆ ನಾನು ಕೊಟ್ಟ ಸಲಹೆ ಸ್ವಲ್ಪ ವಿಚಿತ್ರ. ಕುದುರೆ ಕೊಳ್ಳಬೇಡಿ. ಕೊಂಡಿದ್ದೇವೆ ಎಂದುಕೊಂಡು ಆರು ತಿಂಗಳು ಜಂಟಿ ಖಾತೆಗೆ ದುಡ್ಡು ಕಟ್ಟಿ. ಪ್ರತಿ ತಿಂಗಳ 5ನೇ ತಾರೀಕಿನೊಳಗೆ. ಕೊನೆಗೆ ಅದೇ ನಿಮ್ಮ ಆಪತ್ತಿನ ಗಂಟು. ಅವರು ಮನಸ್ಸಿಲ್ಲದೆ ಒಪ್ಪಿದರು. ತಾಯಿಗೆ ಗೊತ್ತಾಗಿ, "ಹಾಗಾದ್ರೆ ಪಿಗ್ಮಿಯೇ ಅಲ್ವಾ" ಎಂದರಂತೆ. 1928ರಲ್ಲಿ ಅದೇ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಕೂಡಿಸಲು ಶುರು ಮಾಡಿದ್ದ ಪಿಗ್ಮಿ. ಗುಂಪಿನಲ್ಲಿ ನಿವೃತ್ತ ಬ್ಯಾಂಕಿನವರೊಬ್ಬರು ಇದ್ದಾರೆ. ವಸೂಲಿ ಈಗ ಅವರದ್ದು. ಸ್ಕೂಟರಿನಲ್ಲಿ ಮನೆಗೇ ಹೋಗುತ್ತಾರೆ, ಚಹಾ ಕುಡಿದು ಬರುತ್ತಾರೆ.

ಮೊನ್ನೆ ಫೋನ್ ಬಂದಿತ್ತು. ನಾಲ್ಕು ತಿಂಗಳ ದುಡ್ಡು ಜಮೆಯಾಗಿದೆ. ಆರು ಜನರಲ್ಲಿ ಒಬ್ಬರು ಎರಡನೇ ತಿಂಗಳೇ, "ಈ ಸಲ ಸ್ವಲ್ಪ ಟೈಟ್" ಎಂದು ಬಿಟ್ಟು ಹೋದರಂತೆ. ಯಾರಿಗೂ ಬೇಜಾರಿಲ್ಲ, ಅವರೂ ರೇಸಿಗೆ ಒಟ್ಟಿಗೇ ಹೋಗುತ್ತಾರೆ. ಕುದುರೆ ಇನ್ನೂ ಕೊಂಡಿಲ್ಲ.